ಕಾಣದ ಮನೆಗೆ ಹಾಕಿದ ಸಹಿ

ಎನೋಸಾ ಸಹಿ ಹಾಕುವಾಗ ಮನೆಯಲ್ಲಿ ಯಾರೂ ಮಾತಾಡುವ ಹಾಗಿರಲಿಲ್ಲ. ಕೈ ತೊಳೆದು ಪಂಚೆಗೆ ಒರೆಸಿಕೊಂಡು, ಕಾಗದದ ಕೆಳಗೊಂದು ಗಟ್ಟಿ ರಟ್ಟು ಇಟ್ಟು, ಹೆಸರಿನ ಒಂದೊಂದು ಅಕ್ಷರವನ್ನೂ ಕಾಗುಣಿತ ಬರೆಯುವ ಮಗುವಿನ ಹಾಗೆ ತಿದ್ದಿ ತಿದ್ದಿ ಬರೆಯುತ್ತಿದ್ದ. ಓದಿದ್ದು ಏಳನೇ ಕ್ಲಾಸು. ಸವಾಯಿ ದ್ವೀಪದ ನಮ್ಮ ದಂಡೆಯ ಒಂಬತ್ತು ಊರಿಗೂ ವೈರಿಂಗಿನ ಕಾಗದಕ್ಕೆ ಸಹಿ ಹಾಕುವ ಲೈಸೆನ್ಸು ಇದ್ದದ್ದು ಅವನೊಬ್ಬನಿಗೆ. ಅವನ ಹೆಸರು ಬೀಳದೆ ಕರೆಂಟ್ ಕಚೇರಿಯವರು ಯಾರ ಮನೆಗೂ ಮೀಟರು ಕೂರಿಸುತ್ತಿರಲಿಲ್ಲ.

ದಂಡೆಗೆ ಮೊದಲ ಸಲ ಕರೆಂಟು ಬಂದಾಗ ಅವನಿಗೆ ಹತ್ತೊಂಬತ್ತು ವರ್ಷ. ಕಂಬ ನೆಡಲು ನ್ಯೂಜಿಲೆಂಡಿನಿಂದ ಬಂದಿದ್ದ ಮುದುಕನೊಬ್ಬ, ತೆಂಗಿನಮರ ಹತ್ತುವ ಹಾಗೆ ಕಂಬ ಹತ್ತಿದ ಈ ಹುಡುಗನನ್ನು ನೋಡಿ ಜೊತೆಗಿಟ್ಟುಕೊಂಡ. ಆರು ವರ್ಷ ಅವನ ಹಿಂದೆ ತಿರುಗಿ ಎನೋಸಾ ಕಲಿತದ್ದರಲ್ಲಿ ಅರ್ಧ ಕೆಲಸ, ಅರ್ಧ ಬೈಗುಳ. ಸವಾಯಿಯ ನೆಲವೆಂದರೆ ಹೆಪ್ಪುಗಟ್ಟಿದ ಬೆಂಕಿಬೆಟ್ಟದ ಕರಿಬಂಡೆ, ಮೇಲೊಂದು ಗೇಣು ಮಣ್ಣು. ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗಿನ ಸಲಾಕೆ ಹೊಡೆಯಲು ಹೋದರೆ ಮೂರನೇ ಏಟಿಗೇ ಠಣ್ಣೆಂದು ವಾಪಸು ಪುಟಿಯುತ್ತದೆ. ಆ ಮುದುಕ ಅವನಿಗೆ ಕಲಿಸಿದ್ದು ಇಷ್ಟು: ಮಣ್ಣು ಸಿಗುವವರೆಗೂ ನಡಿ, ವೈರನ್ನು ಅಲ್ಲಿಯವರೆಗೂ ಎಳಿ, ಬಂಡೆಗೆ ಸುಳ್ಳು ಹೇಳಬೇಡ. ಎನೋಸಾ ದೀವಿಹಲಸಿನ ಮರದ ಬುಡ, ಬಾವಿಯ ಕಟ್ಟೆ, ಹಂದಿಗೂಡಿನ ಹಿಂದಿನ ಕೆಸರು, ಹೀಗೆ ಎಲ್ಲಿ ಮಣ್ಣು ಆಳವಾಗಿದೆಯೋ ಅಲ್ಲಿವರೆಗೆ ಕಾಲುವೆ ತೋಡಿ ಸಲಾಕೆ ಇಳಿಸುತ್ತಿದ್ದ. ಮನೆಯವರು ನಗುತ್ತಿದ್ದರು. ನಮಗೆ ದೀಪ ಹಾಕು ಅಂದರೆ ಹಂದಿಗೆ ದೀಪ ಹಾಕ್ತಿದ್ದಾನೆ ಎನ್ನುತ್ತಿದ್ದರು. ಅವನು ಬಗ್ಗಿದ ತಲೆ ಎತ್ತದೆ ಅಗೆಯುತ್ತಿದ್ದ.

ಮೂವತ್ತೆಂಟು ವರ್ಷ ಹೀಗೆ ಹೋಯಿತು. ಅಟಾಲಿನಾಳನ್ನು ಮದುವೆಯಾದ. ಇಬ್ಬರು ಹೆಣ್ಣುಮಕ್ಕಳು ದೊಡ್ಡವರಾಗಿ ಮದುವೆಯಾಗಿ ಹೋದರು. ಅವನು ಸಹಿ ಹಾಕಿದ ಮನೆಗಳಲ್ಲಿ ಒಬ್ಬರಿಗೂ ಶಾಕ್ ಹೊಡೆದದ್ದಿಲ್ಲ. ಆಮೇಲೆ ಸಕ್ಕರೆ ಕಾಯಿಲೆ ಬಂತು. ಎಡಗಾಲು ಊದಿಕೊಂಡು, ಹೆಬ್ಬೆರಳಿನ ಹತ್ತಿರ ಒಣಗದ ಹುಣ್ಣಾಗಿ, ಮಳೆಗಾಲದಲ್ಲಿ ಮಂಚ ಬಿಟ್ಟು ಏಳುವುದೇ ಕಷ್ಟವಾಯಿತು.

ಅವನಿಗೊಬ್ಬ ಅಕ್ಕ, ಸೋಸೆಫಿನಾ. ಐದು ವರ್ಷಕ್ಕೆ ದೊಡ್ಡವಳು. ನಮ್ಮಲ್ಲಿ ತಮ್ಮನಾದವನು ಅಕ್ಕ ಕೇಳಿದ್ದಕ್ಕೆ ಇಲ್ಲ ಅನ್ನುವ ಹಾಗಿಲ್ಲ. ಅಕ್ಕನ ಮಗನಂತೂ ಸೋದರಮಾವನ ಮನೆಯಲ್ಲಿ ದೇವರ ಪಾಲಿನವನು. ಅವನಿಗೆ ಕೊಡದೆ ಇಟ್ಟುಕೊಂಡದ್ದು ದಕ್ಕುವುದಿಲ್ಲ, ಅಕ್ಕ ನೊಂದು ನಿಟ್ಟುಸಿರಿಟ್ಟರೆ ತಮ್ಮನ ಸಂತಾನಕ್ಕೆ ತಟ್ಟುತ್ತದೆ ಎಂದು ಹಿರಿಯರಿಂದ ಬಂದ ನಂಬಿಕೆ. ಸೋಸೆಫಿನಾ ಆ ಹಕ್ಕನ್ನು ಹೆಚ್ಚಾಗಿ ಉಪಯೋಗಿಸಿದವಳಲ್ಲ. ಗಂಡ ಸತ್ತಾಗಲೂ ತಮ್ಮನ ಹತ್ತಿರ ಏನೂ ಕೇಳಿರಲಿಲ್ಲ. ಕೇಳಿದ್ದು ಒಂದೇ ಸಲ, ಮಗ ವಿಲಿಯಾಮುವಿಗಾಗಿ.

ವಿಲಿಯಾಮು ಮೂವತ್ತೊಂದು ವರ್ಷದವನು, ಹೆಂಡತಿ ಮಕ್ಕಳಿದ್ದವನು. ಎನೋಸಾನ ಕೈಕೆಳಗೆ ಎರಡು ವರ್ಷ ಕೆಲಸ ಮಾಡಿದ್ದ. ಕೈ ಚುರುಕು, ಆದರೆ ತಾಳ್ಮೆ ಕಡಿಮೆ. ಅವನಿಗೂ ಲೈಸೆನ್ಸು ಸಿಗಬೇಕಾದರೆ ಅನುಭವದ ಪುಸ್ತಕದಲ್ಲಿ ನಾಲ್ಕು ವರ್ಷ ತುಂಬಿರಬೇಕು, ಇವನಿಗೆ ಕೆಲಸ ಬರುತ್ತದೆ ಎಂದು ಲೈಸೆನ್ಸು ಇದ್ದವರೊಬ್ಬರು ಸಹಿ ಹಾಕಬೇಕು. ಒಂದು ಭಾನುವಾರ ಚರ್ಚು ಮುಗಿಸಿ ಸೋಸೆಫಿನಾ ಆ ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಂದಳು.

"ತಮ್ಮಾ, ನಿನ್ನ ಕಾಲು ಹೀಗಾಯ್ತು. ನಿನ್ನ ನಂತರ ಈ ದಂಡೆಗೆ ಯಾರು? ಇನ್ನೆರಡು ವರ್ಷ ನನ್ನ ಮಗ ಕಾಯೋ ಹೊತ್ತಿಗೆ ಆಪಿಯಾದೋರು ಬಂದು ಕೆಲಸ ಹಿಡ್ಕೊಂಡುಬಿಡ್ತಾರೆ" ಎಂದಳು.

ಎನೋಸಾ ಪುಸ್ತಕ ತಿರುವಿ ನೋಡಿದ. ಖಾಲಿ ಪುಟಗಳಲ್ಲಿ ವಿಲಿಯಾಮು ಆಗಲೇ ಮನೆಗಳ ಹೆಸರು ಬರೆದಿದ್ದ, ತಾನು ಕಾಲಿಡದ ಮನೆಗಳದ್ದೂ. ಒಳ್ಳೆ ಹುಡುಗ, ಕಲೀತಾನೆ, ಕಲಿಯೋದೇನು ಪುಸ್ತಕ ತುಂಬಿದ ಮೇಲೆ ನಿಂತುಹೋಗುತ್ತಾ ಎಂದು ತನಗೆ ತಾನೇ ಹೇಳಿಕೊಂಡ. ಕೈ ತೊಳೆದು ಬಂದು ಸಹಿ ಹಾಕಿದ. ಅಟಾಲಿನಾ ಅಡುಗೆಮನೆಯಿಂದ ನೋಡಿದಳು. ಗಂಡನ ಅಕ್ಕನ ಎದುರು ಅವಳಾದರೂ ಏನು ಅಂದಾಳು.

ಅಲ್ಲಿಂದ ವಿಲಿಯಾಮು ಕೆಲಸ ಮಾಡುವುದು, ಎನೋಸಾ ಹೋಗಿ ನೋಡುವುದು ಎಂದಾಯಿತು. ಹೊಸ ಲೈಸೆನ್ಸಿನವನು ಒಂದು ವರ್ಷದವರೆಗೆ ತನ್ನ ಕೆಲಸಕ್ಕೆ ತಾನೇ ಸಹಿ ಹಾಕುವಂತಿಲ್ಲ, ಹಳಬ ನೋಡಿ ಹಾಕಬೇಕು. ಮೊದಲ ಎಂಟು ಮನೆಗೆ ಎನೋಸಾ ಹೋದ. ಎಲ್ಲ ನೀಟಾಗಿತ್ತು. ಒಂಬತ್ತನೆಯದು ಫಗಾಲೆಲೆ ಊರಿನ ಇಯೋಪುವಿನ ಮನೆ, ಬಸ್ಸಿನಲ್ಲಿ ಒಂದು ಗಂಟೆ ದಾರಿ. ಇಯೋಪು ಮನೆ ಪಕ್ಕಕ್ಕೊಂದು ಅಂಗಡಿ ಕೋಣೆ ಎಬ್ಬಿಸಿದ್ದ. ಅವನ ಹೆಂಡತಿ ಮಾಸಿನಾ ಅಲ್ಲಿ ಹಳೇ ಫ್ರೀಜರೊಂದನ್ನು ಇಟ್ಟು ಐಸ್‌ಕ್ಯಾಂಡಿ ಮಾಡಿ ಮಾರಬೇಕೆಂದಿದ್ದಳು. ಮಕ್ಕಳೆಲ್ಲ ಬಿಳಿಬಟ್ಟೆ ಉಟ್ಟು ಚರ್ಚಿಗೆ ಹೋಗುವ ಹಬ್ಬದ ಭಾನುವಾರಕ್ಕೆ ಇನ್ನು ನಾಲ್ಕು ದಿನ. ಅವತ್ತು ಮಾರಾಟವಾಗುವಷ್ಟು ಕ್ಯಾಂಡಿ ಇಡೀ ವರ್ಷದಲ್ಲಿ ಆಗುವುದಿಲ್ಲ. ಕಚೇರಿಯ ಲೈನ್‌ಮನ್ ಮಾರನೇ ದಿನ ಆ ಕಡೆ ಬರುವವನಿದ್ದ. ತಪ್ಪಿದರೆ ಮತ್ತೆ ಮೂರು ವಾರ.

ವಿಲಿಯಾಮು ಕಾಗದ ತಂದಾಗ ಎನೋಸಾನ ಕಾಲು ಕುಂಬಳಕಾಯಿಯಾಗಿತ್ತು. ಸಲಾಕೆ ಎಲ್ಲಿ ಇಳಿಸಿದೆ ಎಂದು ಕೇಳಿದ. ಅಂಗಡಿ ಹಿಂದೆ ಮಾವಾ, ಪೂರ್ತಿ ಇಳೀತು ಎಂದ ವಿಲಿಯಾಮು. ಫಗಾಲೆಲೆಯ ನೆಲ ಎನೋಸಾನಿಗೆ ಗೊತ್ತು. ಅಂಗಡಿ ಇರುವ ಕಡೆ ಪೂರ್ತಿ ಇಳಿಯುವಷ್ಟು ಮಣ್ಣಿದೆಯೇ ಎಂದು ಒಂದು ಅನುಮಾನ ಮೂಡಿ ಹೋಯಿತು. ಇದ್ದರೂ ಇರಬಹುದು, ಒಂದೊಂದು ಕಡೆ ಬಂಡೆ ಬಿರುಕು ಬಿಟ್ಟಿರುತ್ತದೆ. ಅಕ್ಕನ ಮಗನನ್ನು ಎದುರಿಗೆ ನಿಲ್ಲಿಸಿಕೊಂಡು ಸುಳ್ಳು ಹೇಳ್ತಿದ್ದೀಯಾ ಎಂದು ಕೇಳುವುದಾದರೂ ಹೇಗೆ? ಅಟಾಲಿನಾಳಿಗೆ ನೀರು ತರಲು ಹೇಳಿ, ಮಂಚದ ಮೇಲೆ ಕೂತೇ ಕೈ ತೊಳೆದು, ಸಹಿ ಹಾಕಿದ.

ಐದು ತಿಂಗಳಾದ ಮೇಲೆ, ಒಂದು ಮಂಗಳವಾರ ಬೆಳಿಗ್ಗೆ, ಮಾಸಿನಾ ಅಂಗಡಿಯ ಸಿಮೆಂಟು ನೆಲ ತೊಳೆದು ಒದ್ದೆಗಾಲಲ್ಲೇ ಫ್ರೀಜರಿನ ಬಾಗಿಲು ತೆಗೆದಳು. ಒಳಗೆಲ್ಲೋ ವೈರು ಸವೆದು ಫ್ರೀಜರಿನ ಮೈಗೆ ಕರೆಂಟು ಬಂದಿತ್ತು. ನೆಲಕ್ಕೆ ಇಳಿದು ಹೋಗಬೇಕಾದ ಕರೆಂಟು ಇಳಿಯಲಿಲ್ಲ, ಅವಳ ಮೈಯಲ್ಲೇ ಹಾದಿ ಹುಡುಕಿತು. ಮೂವತ್ತೈದು ವರ್ಷ, ಮೂವರು ಮಕ್ಕಳು. ಅವಳ ತಾಯಿ ಓಫೀರಾ ಹಿಂದಿನ ಬಾಗಿಲಲ್ಲಿ ಕೂತು ಕೆಸುವಿನ ಗೆಡ್ಡೆ ಹೆರೆಯುತ್ತಿದ್ದಳಂತೆ. ಬಕೆಟ್ಟು ಬಿದ್ದ ಸದ್ದು ಕೇಳಿ, ಹುಷಾರಾಗಿ ಕಣೇ ಎಂದು ಕೂತಲ್ಲಿಂದಲೇ ಕೂಗಿದ್ದಳಂತೆ.

ಮೂರನೇ ದಿನ ಸಮುದ್ರದಾಚೆಯ ರಾಜಧಾನಿ ಆಪಿಯಾದಿಂದ ಇನ್‌ಸ್ಪೆಕ್ಟರು ಬಂದ. ಎನೋಸಾನನ್ನೂ ವಿಲಿಯಾಮುವನ್ನೂ ಕರೆಸಿ, ಅವರ ಎದುರಿಗೇ ಅಂಗಡಿ ಹಿಂದಿನ ಸಲಾಕೆಯನ್ನು ಒಂದು ಕೈಯಲ್ಲಿ ಹಿಡಿದು ಎಳೆದ. ಮೂಲಂಗಿ ಕಿತ್ತ ಹಾಗೆ ಬಂತು. ಒಂದೂವರೆ ಗೇಣು ಉದ್ದ. ವಿಲಿಯಾಮು ಬಂಡೆ ತಗುಲಿದ ಕಡೆ ಸಲಾಕೆಯನ್ನು ಗರಗಸದಲ್ಲಿ ಕೊಯ್ದು, ತಲೆಯನ್ನು ಮಾತ್ರ ಅಚ್ಚುಕಟ್ಟಾಗಿ ಹೂತು, ಅದಕ್ಕೆ ವೈರು ಬಿಗಿದಿದ್ದ. ನೋಡುವವರಿಗೆ ಎಲ್ಲ ಸರಿಯಾಗಿತ್ತು. ಇನ್‌ಸ್ಪೆಕ್ಟರು ಬೈಯಲಿಲ್ಲ. ಆ ತುಂಡನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಚೀಟಿ ಅಂಟಿಸಿದ. ಎನೋಸಾ ಅಲ್ಲೇ, ಆ ಅಂಗಡಿಯ ಗೋಡೆಗೆ ಒರಗಿ ನೆಲದ ಮೇಲೆ ಕೂತುಬಿಟ್ಟ. ಹದಿನೈದು ಹೆಜ್ಜೆ ಆಚೆಗೆ ನೀರಿನ ತೊಟ್ಟಿ, ತೊಟ್ಟಿಯ ಪಕ್ಕ ಬಾಳೆ. ಬಾಳೆ ಇದ್ದ ಮೇಲೆ ಮಣ್ಣು ಇದ್ದೇ ಇರುತ್ತದೆ. ಅವನು ಬಂದಿದ್ದರೆ ಬಸ್ಸಿಳಿದು ಬರುವಾಗಲೇ ಕಣ್ಣಿಗೆ ಬೀಳುತ್ತಿತ್ತು.

ಇಬ್ಬರ ಮೇಲೂ ಕೇಸಾಯಿತು. ವಕೀಲೆ ರುಟಾ ಅಟಾಲಿನಾಳ ದೂರದ ಸಂಬಂಧಿ, ಇನ್ನೂ ಮೂವತ್ತು ತುಂಬದವಳು. ಹಡಗು ಹತ್ತಿ ಆಪಿಯಾಕ್ಕೆ ಹೋಗಿ ಅವಳ ಮುಂದೆ ಕೂತಾಗ, ಎನೋಸಾ ಮೊದಲು ಹೇಳಿದ್ದು ತಪ್ಪೆಲ್ಲ ನನ್ನದೇ ಎಂದು ಬರೆದುಕೋ, ಹುಡುಗನನ್ನು ಬಿಡಿಸು ಎಂದು. ರುಟಾ ವೈರಿಂಗಿನ ಕಾಗದದಲ್ಲಿ ಅಚ್ಚಾಗಿದ್ದ ಎರಡು ಸಾಲು ಓದಿ ತೋರಿಸಿದಳು. ಈ ಕೆಲಸವನ್ನು ನಾನು ಖುದ್ದಾಗಿ ನೋಡಿ ಪರೀಕ್ಷಿಸಿದ್ದೇನೆ, ಇದಕ್ಕೆ ನಾನು ಹೊಣೆ. ಸಾವಿರ ಸಲ ಸಹಿ ಹಾಕಿದ ಕಾಗದ. ಸಹಿಯ ಮೇಲಿನ ಆ ಸಾಲುಗಳನ್ನು ಯಾರಾದರೂ ಗಟ್ಟಿಯಾಗಿ ಓದಿದ್ದನ್ನು ಅವನು ಕೇಳಿದ್ದು ಅದೇ ಮೊದಲು.

"ಮಾವಾ, ಕಾನೂನು ಹೇಗಿದೆ ಗೊತ್ತಾ" ಎಂದಳು ರುಟಾ. "ವಿಲಿಯಾಮುಗೆ ಕೆಲಸ ಬರಲ್ಲ ಅಂದ್ರೆ, ಬರುತ್ತೆ ಅಂತ ಬರೆದುಕೊಟ್ಟೋರು ನೀವು. ಬರುತ್ತೆ ಅಂದ್ರೆ, ಅವನು ಮಾಡಿದ್ದನ್ನ ನೋಡಿದ್ದೀನಿ ಅಂತ ಬರೆದುಕೊಟ್ಟೋರೂ ನೀವೇ. ಯಾವ ಬಾಗಿಲಲ್ಲಿ ಹೋದ್ರೂ ಒಳಗೆ ಕೂತಿರೋರು ನೀವು. ಹಾಗಂತ ಅವನು ಹೊರಗೆ ಬಂದುಬಿಡ್ತಾನೆ ಅಂತಲೂ ಅಲ್ಲ. ಸಲಾಕೆ ಕೊಯ್ದಿದ್ದು ಅವನ ಕೈ."

"ಹಂಗಾದ್ರೆ ನಾನು ಹೊತ್ಕೊಂಡ್ರೂ ಅವನದ್ದು ಇಳಿಯಲ್ವಾ?"

"ಇಳಿಯಲ್ಲ."

ಹೊರಡುವಾಗ ಅವಳು ಇನ್ನೊಂದು ಮಾತು ಹೇಳಿದಳು. ಫಗಾಲೆಲೆಗೆ ಹೋಗಿ ಚಾಪೆ ಹೊದ್ದು ಕೂರುವ ಯೋಚನೆ ಇದ್ದರೆ ಸದ್ಯಕ್ಕೆ ಬಿಡಿ. ಕೂತರೆ ತಪ್ಪು ಒಪ್ಪಿದ ಹಾಗೆ. ನಾಳೆ ಮಾಸಿನಾಳ ಮನೆಯವರ ಪರಿಹಾರದ ದಾವೆಯಲ್ಲಿ ಅದನ್ನೇ ನಿಮ್ಮ ಮೇಲೆ ಹಿಡಿಯುತ್ತಾರೆ, ನಿಮ್ಮ ಮನೆ, ತೋಟ, ಅಕ್ಕನ ಮನೆ, ಏನೂ ಉಳಿಯುವುದಿಲ್ಲ.

ಎನೋಸಾ ಯೋಚಿಸುತ್ತಿದ್ದದ್ದು ಅದೊಂದನ್ನೇ. ಒಂದು ಮನೆಯವರ ಕೈಯಿಂದ ಇನ್ನೊಂದು ಮನೆಯ ಜೀವ ಹೋದರೆ, ಹೋಗಿ ಅವರ ಅಂಗಳದಲ್ಲಿ ನುಣುಪು ಚಾಪೆಯನ್ನು ತಲೆಮೇಲೆ ಹೊದ್ದು ಕೂರಬೇಕು. ಅವರು ಬಂದು ಚಾಪೆ ಎತ್ತಿದರೆ ಕ್ಷಮೆ ಸಿಕ್ಕಿತು. ಎತ್ತದೆ ಕಲ್ಲು ಹೊಡೆಯಬಹುದು, ಕತ್ತಿ ಹಿಡಿದೂ ಬರಬಹುದು, ಅದಕ್ಕೂ ಕತ್ತು ಬಗ್ಗಿಸಿಯೇ ಕೂತಿರಬೇಕು. ಹೋಗದೆ ಇರುವುದು ಮಾತ್ರ ಯಾರೂ ಮಾಡುವುದಿಲ್ಲ. ಮಾಸಿನಾಳನ್ನು ಮಣ್ಣು ಮಾಡಿ ಹನ್ನೊಂದು ದಿನವಾಗಿತ್ತು. ಹನ್ನೊಂದು ಬೆಳಗೂ ಓಫೀರಾ ಎದ್ದು ಅಂಗಳ ನೋಡಿರುತ್ತಾಳೆ.

ಎನೋಸಾನ ಮನೆತನದವರೆಲ್ಲ ಸೇರಿದರು. ಯಜಮಾನನ ಪಟ್ಟದಲ್ಲಿದ್ದ ಚಿಕ್ಕಪ್ಪ ಎಂಬತ್ತು ದಾಟಿದವನು, ಇಂಥ ಮೂರು ಸಂದರ್ಭಗಳಲ್ಲಿ ಮನೆತನದ ಪರವಾಗಿ ಚಾಪೆ ಹೊದ್ದು ಕೂತಿದ್ದವನು. ಅವನೇ ತಲೆ ಅಲ್ಲಾಡಿಸಿದ. ನಾನು ಕೂತರೆ ಇಡೀ ಮನೆತನ ಒಪ್ಪಿಕೊಂಡ ಹಾಗೆ, ಮಕ್ಕಳ ಜಮೀನಿನ ಮೇಲೆ ಕೋರ್ಟು ಬಂದರೆ ನಾನು ಯಾರಿಗೆ ಉತ್ತರ ಹೇಳಲಿ ಎಂದ. ಹೇಳಿ ಮುಗಿಸಿ ಮುಖ ಮುಚ್ಚಿಕೊಂಡ. ಯಾರೂ ಅವನನ್ನು ದೂರಲಿಲ್ಲ. ದೂರುವ ಹಾಗೂ ಇರಲಿಲ್ಲ.

ಶುಕ್ರವಾರ ಸಂಜೆ ಸೋಸೆಫಿನಾ ಬಂದಳು. ಕಂಕುಳಲ್ಲಿ ತಾಯಿ ನೇಯ್ದಿದ್ದ ಚಾಪೆ, ಅವಳ ಮದುವೆಗೆ ಕೊಟ್ಟದ್ದು, ರೇಷ್ಮೆಯಷ್ಟು ನಯವಾದದ್ದು.

"ನಾಳೆ ಮೊದಲ ಬಸ್ಸಿಗೆ ಹೋಗೋಣ" ಎಂದಳು.

"ವಕೀಲರು ಬೇಡ ಅಂದಿದ್ದಾರೆ ಅಕ್ಕಾ. ನಿನ್ನ ಮನೇನೂ ಹೋಗುತ್ತಂತೆ."

"ಹೋದ್ರೆ ಹೋಗಲಿ. ಸೋರೋ ಮನೆ. ಅವರೇ ರಿಪೇರಿ ಮಾಡಿಸ್ಕೊಳ್ಳಲಿ."

ಅಟಾಲಿನಾ ತಾನೂ ಬರುತ್ತೇನೆಂದಳು. ಸೋಸೆಫಿನಾ ಬೇಡವೆಂದಳು, ಕೇಳಿದವಳು ನಾನು, ಕೊಟ್ಟವನು ಇವನು, ನಡುವೆ ನೀನು ಯಾಕೆ ಬಿಸಿಲಿಗೆ ಕೂರಬೇಕು ಎಂದಳು. ವಿಲಿಯಾಮು ತಲೆಬಾಗಿಲ ಕಂಬ ಹಿಡಿದು ನಿಂತಿದ್ದ. ಆರೋಪಿಗಳು ಆ ಊರಿಗೆ ಕಾಲಿಡಕೂಡದೆಂದು ಜಾಮೀನಿನಲ್ಲಿ ಬರೆದಿತ್ತು. ಅವನು ಹೋದರೆ ನೇರ ಜೈಲು. ಎನೋಸಾನಿಗೂ ಹಾಗೇ ಬರೆದಿತ್ತು, ಆದರೆ ಅದನ್ನು ಯಾರೂ ಎತ್ತಲಿಲ್ಲ.

ಶನಿವಾರ ಬೆಳಕು ಹರಿಯುವ ಮೊದಲೇ ಅಕ್ಕ ತಮ್ಮ ಇಬ್ಬರೂ ಇಯೋಪುವಿನ ಅಂಗಳದಲ್ಲಿ, ಮಾಸಿನಾಳ ಹೊಸ ಗೋರಿಗೆ ಹತ್ತು ಮಾರು ದೂರದಲ್ಲಿ ಕೂತು, ಒಂದೇ ಚಾಪೆಯನ್ನು ತಲೆಮೇಲೆ ಎಳೆದುಕೊಂಡರು. ಎನೋಸಾನಿಗೆ ಚಕ್ಕಳಮಕ್ಕಳ ಹಾಕಲು ಬರುತ್ತಿರಲಿಲ್ಲ. ಹುಣ್ಣಿನ ಕಾಲನ್ನು ಚಾಚಿಕೊಂಡ. ಮುಂದಕ್ಕೆ ಕಾಲು ಚಾಚುವುದು ಎದುರಿನವರಿಗೆ ಅವಮಾನ. ಸೋಸೆಫಿನಾ ತನ್ನ ಮೇಲುಹೊದಿಕೆ ಬಿಚ್ಚಿ ಅವನ ಪಾದದ ಮೇಲೆ ಹಾಕಿದಳು.

ಮನೆಯಲ್ಲಿ ಎಚ್ಚರವಾಯಿತು. ಪಾತ್ರೆಯ ಸದ್ದು ನಿಂತಿತು. ಮಗುವೊಂದು ಏನೋ ಕೇಳಿತು, ಯಾರೋ ಸುಮ್ಮನಿರಿಸಿದರು. ಗೋಡೆಯಿಲ್ಲದ ಮನೆಯ ಸುತ್ತಲಿನ ತೆಂಗಿನಗರಿಯ ತೆರೆಗಳನ್ನು ಒಂದೊಂದಾಗಿ ಇಳಿಬಿಟ್ಟ ಸರಸರ ಕೇಳಿತು. ಕಲ್ಲು ಬರಲಿಲ್ಲ. ಯಾರೂ ಬರಲಿಲ್ಲ. ಚಾಪೆಯ ಎಳೆಗಳ ನಡುವಿನಿಂದ ಬಿಸಿಲು ಮೊದಲು ಚುಕ್ಕಿ ಚುಕ್ಕಿಯಾಗಿ ಬಂತು, ಆಮೇಲೆ ಒಲೆಯಾಯಿತು.

"ಅಕ್ಕಾ, ನೀರಡಿಕೆ ಆಗ್ತಿದೆಯಾ?"

"ಸುಮ್ನಿರು. ಕೇಳಿದ್ರೆ ಜಾಸ್ತಿ ಆಗುತ್ತೆ."

ಸ್ವಲ್ಪ ಹೊತ್ತಾದ ಮೇಲೆ ಅವಳೇ ಬಾಯಿ ತೆಗೆದಳು. "ಅವತ್ತು ನೀನು ಪುಸ್ತಕ ತಿರುವಿ ನೋಡ್ದೆಯಲ್ಲ. ಹಾಕಲ್ಲ ಅಂತೀಯ ಅಂದ್ಕೊಂಡೆ. ಅಂದಿದ್ರೆ ಸಿಟ್ಟು ಮಾಡ್ಕೊಂಡು ಹೋಗ್ತಿದ್ದೆ. ಒಂದು ವಾರಕ್ಕೆ ಮತ್ತೆ ಬರ್ತಿದ್ದೆ."

ಇಲ್ಲ ಅಂದಿದ್ದರೂ ಅಕ್ಕ ಮತ್ತೆ ಬರುತ್ತಿದ್ದಳು ಎಂಬುದು ಅರವತ್ತಮೂರು ವರ್ಷ ಅವನಿಗೆ ಹೊಳೆದೇ ಇರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಮುದಿ ಪಾದಗಳೆರಡು ಚಾಪೆಯಂಚಿನ ಹತ್ತಿರ ಬಂದು ನಿಂತವು. ಓಫೀರಾ.

"ಎದ್ದು ಹೋಗಪ್ಪಾ" ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ನಾವು ಎತ್ತೋ ಹಾಗಿಲ್ಲ. ನಮ್ಮ ವಕೀಲರು ಹೇಳಿದ್ದಾರೆ. ಎತ್ತಿದ್ರೆ ರಾಜಿ ಆದ ಹಾಗೆ ಅಂತೆ, ಕಚೇರಿಯೋರು ಈ ಮಕ್ಕಳಿಗೆ ಬಿಡಿಗಾಸೂ ಕೊಡೋದಿಲ್ಲ ಅಂತಾರಂತೆ. ಇಯೋಪು ಒಳಗೆ ಕಂಬಕ್ಕೆ ತಲೆ ಚಚ್ಕೊಳ್ತಿದ್ದಾನೆ. ನಿನ್ನ ಹೊಡೀಬೇಕು ಅಂತಲೂ ಅಲ್ಲ, ಎತ್ತಬೇಕು ಅಂತಲೂ ಅಲ್ಲ. ಅವನಿಗೇ ಗೊತ್ತಿಲ್ಲ."

"ಅಮ್ಮಾ, ಎತ್ತದೆ ನಾನು ಏಳೋ ಹಾಗಿಲ್ಲ."

"ನಂಗೊತ್ತು. ನಮ್ಮಪ್ಪನೂ ಒಂದ್ಸಲ ಕೂತಿದ್ದ." ಅವಳು ಬಹಳ ಹೊತ್ತು ಅಲ್ಲೇ ನಿಂತಿದ್ದಳು. ಒಂದು ಸಲ ಅವಳ ಬೆರಳು ಚಾಪೆಯ ಅಂಚಿನ ಕೆಂಪು ಹಕ್ಕಿಗರಿಗಳನ್ನು ಮುಟ್ಟಿದ್ದು ಎನೋಸಾನಿಗೆ ಕಂಡಿತು. ಬೆರಳು ಹಿಂದಕ್ಕೆ ಹೋಯಿತು. ಪಾದಗಳೂ ಹೋದವು.

ಊರಿನ ಹಿರಿಯರಿಗೆ ಸುದ್ದಿ ಹೋಗಿತ್ತು. ಅವರು ಬಂದು ಇಯೋಪುವಿನ ಮನೆಯೊಳಗೆ ಕೂತು ಮಾತಾಡಿದ್ದು ಗುಂಯ್ ಎಂದು ಕೇಳಿಸಿತು. ಚಾಪೆ ಎತ್ತುವುದು ಸತ್ತವಳ ಮನೆಯವರ ಹಕ್ಕು, ನಾವು ಕೈ ಹಾಕುವುದು ತರವಲ್ಲ ಎಂದು ಎದ್ದು ಹೋದರು. ಹೊತ್ತು ಇಳಿಯಿತು. ಎನೋಸಾನ ಕಾಲಿನ ಹುಣ್ಣು ಬಿರಿದು ಹೊದಿಕೆ ಒದ್ದೆಯಾಯಿತು. ಸೋಸೆಫಿನಾ ಹಾಡು ಹೇಳುವ ಹಾಗೆ ಸಣ್ಣಗೆ ಪ್ರಾರ್ಥಿಸುತ್ತಿದ್ದವಳು ಅದನ್ನೂ ನಿಲ್ಲಿಸಿದ್ದಳು.

ಅಷ್ಟರಲ್ಲಿ ಊರಿನ ತುದಿಯಲ್ಲಿ ಗಂಟೆಯ ಬದಲು ನೇತುಹಾಕಿದ ಖಾಲಿ ಗ್ಯಾಸ್ ಸಿಲಿಂಡರನ್ನು ಬಡಿದರು. ಸಂಜೆಯ ಪ್ರಾರ್ಥನೆಯ ಹೊತ್ತು. ಆ ಅರ್ಧ ಗಂಟೆ ಊರಿನ ಬಯಲಲ್ಲಿ ನರಪಿಳ್ಳೆ ಇರಬಾರದು, ಬಸ್ಸು ಸಹ ಊರಾಚೆ ನಿಲ್ಲುತ್ತದೆ. ಒಂದೇ ಬಣ್ಣದ ಪಂಚೆ ಉಟ್ಟ ಕಾವಲಿನ ಗಂಡಸರು ರಸ್ತೆಗುಂಟ ಬಂದರು. ಚಾಪೆಯನ್ನು ಕಂಡು ನಿಂತರು. ಇಂಥದ್ದು ಅವರ ಕಾಲದಲ್ಲಿ ಆಗಿರಲಿಲ್ಲ. ಚಾಪೆ ಹೊದ್ದು ಕೂತವರು ಸಂಜೆಯವರೆಗೆ ಉಳಿದದ್ದು ಯಾರೂ ಕೇಳಿರಲಿಲ್ಲ. ತಮ್ಮತಮ್ಮಲ್ಲೇ ಪಿಸುಗುಟ್ಟಿದರು. ಕೊನೆಗೆ ಅವರಲ್ಲಿ ಹಿರಿಯನಾದವನು ಬಗ್ಗಿ, ದೊಡ್ಡೋರೇ, ಈ ಹೊತ್ತಲ್ಲಿ ಹೊರಗಿರೋ ಹಾಗಿಲ್ಲ, ಹತ್ತಿರದ ಮನೆಗೆ ಹೋಗಬೇಕು ಎಂದ. ಹತ್ತಿರದ ಮನೆ ಒಂದೇ.

ಎನೋಸಾನ ಕಾಲು ನಿಲ್ಲಲಿಲ್ಲ. ಇಬ್ಬರು ಗಂಡಸರು ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದರು. ಚಾಪೆ ಅವನ ತಲೆಯಿಂದ ತಾನೇ ಜಾರಿ ಬೆನ್ನ ಮೇಲೆ, ಬೆನ್ನಿನಿಂದ ನೆಲಕ್ಕೆ ಬಿತ್ತು. ಯಾರೂ ಅದನ್ನು ಎತ್ತಿದ್ದಲ್ಲ. ಸೋಸೆಫಿನಾ ಮಡಚಿ ಕಂಕುಳಲ್ಲಿಟ್ಟುಕೊಂಡಳು. ತೆರೆ ಸರಿಸಿ ಅವರಿಬ್ಬರನ್ನೂ ಮಾಸಿನಾಳ ಮನೆಯೊಳಗೆ ಕೂರಿಸಿದರು.

ಸೀಮೆಎಣ್ಣೆ ದೀಪ ಉರಿಯುತ್ತಿತ್ತು; ಆ ಮನೆಯ ಕರೆಂಟನ್ನು ಕಚೇರಿಯವರು ಕಿತ್ತುಹಾಕಿದ್ದರು. ಇಯೋಪು, ಮೂರು ಮಕ್ಕಳು, ಓಫೀರಾ ಸುತ್ತ ಕೂತಿದ್ದರು. ಇವರಿಗಾಗಿ ಜಾಗ ಬಿಟ್ಟರು. ಓಫೀರಾ ಹಾಡು ಎತ್ತಿಕೊಂಡಳು. ಗೊತ್ತಿದ್ದ ಹಾಡು, ಬಾಯಿ ತಾನಾಗಿಯೇ ತೆರೆಯಿತು. ಎನೋಸಾನ ಕೆಳದನಿಯೂ ಇಯೋಪುವಿನ ದನಿಯೂ ಒಂದೇ ಸ್ವರದಲ್ಲಿ ಸೇರಿಕೊಂಡವು. ಇಯೋಪು ಅರ್ಧದಲ್ಲಿ ನಿಲ್ಲಿಸಿ ನೆಲ ನೋಡಿದ. ಹಾಡು ಮುಗಿದು ಪ್ರಾರ್ಥನೆಯಾಯಿತು. ಪ್ರಾರ್ಥನೆಗೆ ಕೂತವರನ್ನು ಉಣ್ಣಿಸದೆ ಕಳಿಸುವ ಪದ್ಧತಿ ಇಲ್ಲ. ದೊಡ್ಡ ಹುಡುಗಿ ಬೇಯಿಸಿದ ದೀವಿಹಲಸು, ಕಾಯಿಹಾಲಲ್ಲಿ ಬೆಂದ ಕೆಸುವಿನ ಸೊಪ್ಪು, ಒಂದು ಲೋಟ ಕೋಕೋ ತಂದು ಎದುರಿಗಿಟ್ಟಳು. ಓಫೀರಾ ಅವನ ಕಾಲು ನೋಡಿ ಒಳಗೆ ಹೋಗಿ ಬಿಳಿ ಬಟ್ಟೆ ಹರಿದು ತಂದು ಕೊಟ್ಟಳು. ಎನೋಸಾ ಉಂಡ. ಉಣ್ಣದಿರುವುದು ಇನ್ನೂ ದೊಡ್ಡ ತಪ್ಪು. ಕಡೇ ಬಸ್ಸಿಗೆ ಅವರನ್ನು ಕಾವಲಿನವರೇ ಹತ್ತಿಸಿದರು.

ನಾಲ್ಕು ತಿಂಗಳ ಮೇಲೆ ಆಪಿಯಾದಲ್ಲಿ ಕೋರ್ಟು. ಎನೋಸಾ ಜಾಮೀನು ಮುರಿದು ಹೋಗಿದ್ದಕ್ಕೆ ಮೊದಲೇ ಬೈಸಿಕೊಂಡು, ಅವನ ಕಾಲಿನ ಹುಣ್ಣು ತೋರಿಸಿ ಜೈಲು ತಪ್ಪಿಸಿದ್ದ ರುಟಾ ಈಗ ಆ ಶನಿವಾರವನ್ನೇ ಹಿಡಿದುಕೊಂಡಳು. ಕ್ಷಮೆ ಸಿಕ್ಕಿದ್ದರೆ ನ್ಯಾಯಾಧೀಶರು ಶಿಕ್ಷೆ ಇಳಿಸುತ್ತಾರೆ, ಅದು ನಮ್ಮಲ್ಲಿ ನಡೆದುಕೊಂಡು ಬಂದದ್ದು. ಇಡೀ ರಾತ್ರಿ ಓದಿ ಸಿದ್ಧವಾಗಿ ಬಂದಿದ್ದಳು ಪಾಪ. ಮನೆಯೊಳಗೆ ಕರೆದುಕೊಂಡರು, ಜೊತೆಗೆ ಪ್ರಾರ್ಥಿಸಿದರು, ಊಟ ಬಡಿಸಿದರು, ಗಾಯಕ್ಕೆ ಬಟ್ಟೆ ಕೊಟ್ಟರು, ಇದು ಕ್ಷಮೆಯಲ್ಲದೆ ಇನ್ನೇನು ಎಂದಳು. ಸರಕಾರದ ವಕೀಲ ಎದ್ದು, ಅದು ಸಂಜೆಯ ಕಟ್ಟಳೆ, ಅತಿಥಿಗೆ ಮಾಡುವ ಮರ್ಯಾದೆ, ಮನೆಯವರು ಚಾಪೆಗೆ ಕೈ ಹಚ್ಚಿಲ್ಲ ಎಂದ. ಹಿಂದಿನ ಬೆಂಚಿನಲ್ಲಿ ಇಯೋಪುವೂ ಓಫೀರಾಳೂ ಅವರ ವಕೀಲನ ಪಕ್ಕ ಕೂತಿದ್ದರು. ವಕೀಲ ಓಫೀರಾಳ ಮೊಣಕೈ ಹಿಡಿದುಕೊಂಡಿದ್ದ.

ನ್ಯಾಯಾಧೀಶೆ ಬಿಳಿತಲೆಯ ಹೆಂಗಸು. ಎರಡೂ ಕಡೆ ಕೇಳಿ ಸಾಕಾಗಿ, ಕನ್ನಡಕ ತೆಗೆದು ನೇರವಾಗಿ ಎನೋಸಾನನ್ನೇ ಕೇಳಿದಳು. "ನೀವೇ ಹೇಳಿ. ಅವರು ಎತ್ತಿದ್ರಾ?"

ರುಟಾ ಅವನ ಕಡೆ ನೋಡಲಿಲ್ಲ. ಹೌದು ಅಂದುಬಿಡಿ ಎಂದು ಬೆಳಿಗ್ಗೆಯೇ ಹೇಳಿ ಮುಗಿಸಿದ್ದಳು. ಹೌದು ಅಂದರೆ ಶಿಕ್ಷೆ ಇಳಿಯುತ್ತದೆ, ಓಫೀರಾಳ ಮೊಮ್ಮಕ್ಕಳ ಪರಿಹಾರಕ್ಕೆ ಕಲ್ಲು ಬೀಳುತ್ತದೆ. ಕಣ್ಣಾರೆ ನೋಡದ್ದನ್ನು ನೋಡಿದೆ ಎಂದು ಒಮ್ಮೆ ಬರೆದುಕೊಟ್ಟಾಗಿತ್ತು.

"ಇಲ್ಲಮ್ಮ" ಎಂದ. "ಜಾರಿ ಬಿತ್ತು."

ಇಬ್ಬರೂ ತಪ್ಪಿತಸ್ಥರೆಂದು ತೀರ್ಪಾಯಿತು. ಲೈಸೆನ್ಸುಗಳನ್ನು ಅಲ್ಲೇ ಮೇಜಿನ ಮೇಲಿಡಿಸಿಕೊಂಡರು. ಎನೋಸಾ ಸಹಿ ಹಾಕಿದ ಮನೆಗಳನ್ನೆಲ್ಲ ಕಚೇರಿ ಮತ್ತೆ ಪರೀಕ್ಷಿಸಬೇಕು, ಅಲ್ಲಿಯವರೆಗೆ ಕರೆಂಟು ಕಡಿಯಬೇಕು ಎಂದಾಯಿತು. ದಂಡೆಯ ಒಂಬತ್ತು ಊರೂ, ಚರ್ಚುಗಳೂ. ಶಿಕ್ಷೆ ಎಷ್ಟೆಂದು ಹೇಳುವುದು ಇನ್ನು ಮೂರು ವಾರಕ್ಕೆ. ಒಳಗೆ ಹೋಗುವುದು ಖಂಡಿತ, ಎಷ್ಟು ತಿಂಗಳು ಎನ್ನುವುದಷ್ಟೇ ಬಾಕಿ ಎಂದು ರುಟಾ ಮೆಟ್ಟಿಲ ಮೇಲೆ ಹೇಳಿದಳು. ಹೇಳುತ್ತಾ ಅವಳೇ ಅತ್ತಳು. ಎನೋಸಾ ಅವಳ ಬೆನ್ನು ತಟ್ಟಿ, ಊಟ ಮಾಡಿದೆಯಾ ಮಗಳೇ ಎಂದು ಕೇಳಿದ.

ಸವಾಯಿಗೆ ಸಂಜೆಗೆ ಒಂದೇ ಹಡಗು. ಎರಡು ಮನೆಯವರೂ ಅದರಲ್ಲೇ ಹತ್ತಿದರು. ಎನೋಸಾ, ಸೋಸೆಫಿನಾ, ವಿಲಿಯಾಮು ಹಿಂಬದಿಯ ಬೆಂಚಿನಲ್ಲಿ ಕೂತರು. ಇಯೋಪು ಮುಂದಕ್ಕೆ ಹೋಗಿ ಸಮುದ್ರ ನೋಡುತ್ತಾ ನಿಂತ. ಅರ್ಧ ದಾರಿಯಲ್ಲಿ ಓಫೀರಾ ಕಂಬಿ ಹಿಡಿದುಕೊಂಡು, ಹಡಗು ಓಲಾಡಿದಾಗ ನಿಂತು ನಿಂತು, ಅವರ ಹತ್ತಿರ ಬಂದಳು. ವಿಲಿಯಾಮು ಎದ್ದು ಜಾಗ ಬಿಟ್ಟು ದೂರ ಹೋದ. ಅವಳು ಅವನತ್ತ ನೋಡಲಿಲ್ಲ. ಎನೋಸಾನ ಪಕ್ಕ ಕೂತಳು.

"ಹೌದು ಅಂದಿದ್ರೆ ನಾನು ಏನ್ ಮಾಡ್ತಿದ್ದೆ ಅಂತ ಯೋಚ್ನೆ ಮಾಡ್ತಿದ್ದೆ" ಎಂದಳು. "ಎದ್ದು ಇಲ್ಲ ಅಂತಿರಲಿಲ್ಲ, ಅನ್ಸುತ್ತೆ."

ಎನೋಸಾ ತಲೆ ಬಗ್ಗಿಸಿದ್ದ.

"ಪರಿಹಾರದ ಕೇಸು ಮುಗೀಲಿ. ಮುಗಿದ ಮಾರನೇ ದಿನ ಬಾ. ನಾನೇ ಬಂದು ಎತ್ತುತೀನಿ. ಇಯೋಪು ಒಪ್ಪದಿದ್ರೂ ಎತ್ತುತೀನಿ."

"ಎಷ್ಟು ದಿನ ಅಂತಾರಮ್ಮ?"

"ನಾಲ್ಕು ವರ್ಷ ಅಂತಾರೆ. ಕಚೇರಿಯೋರು ಮೇಲಿನ ಕೋರ್ಟಿಗೆ ಹೋದ್ರೆ ಇನ್ನೂ ಜಾಸ್ತಿ." ಅವಳು ತನ್ನ ಕೈಗಳನ್ನು ಮಡಿಲಲ್ಲಿ ತಿರುಗಿಸಿ ನೋಡಿಕೊಂಡಳು. "ನಂಗೆ ಎಪ್ಪತ್ತಾರು. ನಿನ್ನ ಕಾಲಿಗೆ ಔಷಧಿ ಸರಿಯಾಗಿ ತಗೋ."

ಸೋಸೆಫಿನಾ ಅವಳಿಗೆ ಕೂತ ಜಾಗ ಇಕ್ಕಟ್ಟಾಗಿದೆಯೇನೋ ಎಂದು ತುಸು ಸರಿದಳು. ಮೂವರೂ ಹಾಗೇ ಕೂತಿದ್ದರು. ಹಡಗು ದಡಕ್ಕೆ ತಾಗಿ ಹಲಗೆ ಇಳಿಸಿದಾಗ ಇಯೋಪು ಬಂದು, ಎನೋಸಾನ ಮುಖ ನೋಡದೆ, ಅತ್ತೆಯ ತೋಳು ಹಿಡಿದು ಎಬ್ಬಿಸಿಕೊಂಡು ಹೋದ.